ದ್ವಿಪಕ್ವ ಮೀಮಾಂಸೆ: ಸಿಹಿಗುಂಬಳದ ಬಿಸ್ಕೋಟಿ ಕುರಿತು ಒಂದು ಘನಸಂಶೋಧನೆ

ಉಪೋದ್ಘಾತ

ಇಟಲಿಯ ಬಿಸ್ಕೋಟಿಗೆ ಶರತ್ಕಾಲದ ಸಿಹಿಗುಂಬಳವನ್ನು ಬೆರೆಸಬಹುದೆ ಎಂಬ ಪ್ರಶ್ನೆಗೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ತಿಂದವರು ಬರೆಯಲಿಲ್ಲ, ಬಾಯಿ ತುಂಬಿತ್ತು. ಬರೆಯಬಲ್ಲವರು ತಿನ್ನಲಿಲ್ಲ, ಹಲ್ಲಿರಲಿಲ್ಲ. ಹಲ್ಲೂ ಲೇಖನಿಯೂ ಎರಡೂ ಉಳ್ಳ ನಾವು ಈ ಕೊರತೆಯನ್ನು ನೀಗಿಸಲು ಸೊಂಟ ಕಟ್ಟಿದ್ದೇವೆ.

ನಾಮಾಧಿಕರಣ

ಲ್ಯಾಟಿನ್ನಿನ ‘ಬಿಸ್’ ಎಂದರೆ ಎರಡು ಸಲ, ‘ಕೋಕ್ಟುಸ್’ ಎಂದರೆ ಬೆಂದದ್ದು. ಹೀಗೆ ಎರಡು ಸಲ ಬೆಂದದ್ದು ಬಿಸ್ಕೋಟೊ. ಅದರ ಬಹುವಚನ ಬಿಸ್ಕೋಟಿ. ‘ಒಂದು ಬಿಸ್ಕೋಟಿ ಕೊಡಿ’ ಎನ್ನುವುದು ಆದ್ದರಿಂದ ಶುದ್ಧ ವ್ಯಾಕರಣದೋಷ. ಒಂದೇ ತಿಂದು ತಟ್ಟೆ ಸರಿಸುವವನನ್ನು ಏಕವಚನದಲ್ಲೇ ಮಾತಾಡಿಸಬೇಕೆಂದು ನಮ್ಮ ಅಭಿಮತ.

ಆದರೆ ಇಟಲಿಯವರು ಒಂದೇ ಸಲ ಬೆಂದ ಬಿಸ್ಕತ್ತನ್ನೂ ಬಿಸ್ಕೋಟಿ ಎಂದೇ ಕರೆಯುತ್ತಾರೆ. ಓರೆಯಾಗಿ ಕೊಯ್ದು ಮತ್ತೆ ಬೇಯಿಸುವ ಬಾದಾಮಿಯದಕ್ಕೆ ಟಸ್ಕನಿಯಲ್ಲಿ ‘ಕಾಂತುಚ್ಚಿ’ ಎಂದು ಹೆಸರು. ಪ್ರಮಾಣ ಬೇಕೆನ್ನುವವರು ಫ್ಲಾರೆನ್ಸಿನ ಕ್ರುಸ್ಕಾ ಅಕಾಡೆಮಿಯನ್ನು ನೋಡಬೇಕು. 1583ರಲ್ಲಿ ಹುಟ್ಟಿದ ಈ ಭಾಷಾಪರಿಷತ್ತಿನ ಹೆಸರಿನ ಅರ್ಥ ‘ತೌಡು’. ಲಾಂಛನ, ಹಿಟ್ಟನ್ನೂ ತೌಡನ್ನೂ ಬೇರ್ಪಡಿಸುವ ಯಂತ್ರ. ಪಂಡಿತರು ತೌಡು ಕುಟ್ಟುತ್ತಾರೆಂದು ನಮ್ಮಲ್ಲಿ ಹಂಗಿಸುತ್ತಾರೆ. ಅಲ್ಲಿ ಅದನ್ನೇ ನಾಮಫಲಕಕ್ಕೆ ಏರಿಸಿದರು. ಇವರ ನಿಘಂಟಿನ 1691ರ ಆವೃತ್ತಿಯ ಪ್ರಕಾರ ಕಾಂತುಚ್ಚೊ ಎಂದರೆ ನಯವಾದ ಹಿಟ್ಟು, ಸಕ್ಕರೆ, ಮೊಟ್ಟೆಯ ಬಿಳಿ ಸೇರಿದ, ಹೋಳು ಮಾಡಿದ ಬಿಸ್ಕತ್ತು. ಬಾದಾಮಿಯ ಸುದ್ದಿಯೇ ಇಲ್ಲ! ಪ್ರಾಟೊ ಊರಿನಲ್ಲಿ ಆಂಟೋನಿಯೊ ಮಟ್ಟೇಯಿ 1858ರಲ್ಲಿ ಅಂಗಡಿ ತೆರೆದು ಬಾದಾಮಿಯದನ್ನು ಪ್ರಸಿದ್ಧಗೊಳಿಸಿದ. ನಡುವೆ ಬಂದ ಬಾದಾಮಿಗೆ ಮಣೆ ಹಾಕಿದವರು ಕುಂಬಳಕಾಯಿಗೆ ಬಾಗಿಲು ಹಾಕುವುದು ಯಾವ ನ್ಯಾಯ?

ಫಲಾಧಿಕರಣ

ಇಟಲಿಯಲ್ಲಿ ಕುಂಬಳಕಾಯಿಗೆ ‘ಜುಕ್ಕಾ’ ಎನ್ನುತ್ತಾರೆ. ಶಿಲ್ಪಿ ಡೊನಾಟೆಲ್ಲೊ 15ನೇ ಶತಮಾನದ ಮೊದಲರ್ಧದಲ್ಲಿ ಫ್ಲಾರೆನ್ಸಿನ ಗಂಟೆಗೋಪುರಕ್ಕಾಗಿ ಬೋಳುತಲೆಯ ಪ್ರವಾದಿಯೊಬ್ಬನನ್ನು ಕೆತ್ತಿದ. ಆ ವಿಗ್ರಹಕ್ಕೆ ಬಿದ್ದ ಅಡ್ಡಹೆಸರು ‘ಜುಕ್ಕೋನೆ’. ಕುಂಬಳಕಾಯಿ ತಲೆಯವನು ಎಂದು ಅರ್ಥ ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಸಿಹಿಗುಂಬಳ ಅಮೆರಿಕ ಖಂಡದ್ದು. ಕೊಲಂಬಸ್ ಅತ್ತ ಹೋದದ್ದು 1492ರಲ್ಲಿ. ಕೆತ್ತುವಾಗ ಇಟಲಿಯಲ್ಲಿದ್ದ ಜುಕ್ಕಾ ಸೋರೆಕಾಯಿ. ಆದ್ದರಿಂದ ಆ ತಲೆ ಸೋರೆಬುರುಡೆ. ಇದು ಬುರುಡೆಯಲ್ಲ, ಕಾಲನಿರ್ಣಯ.

ಅಮೆರಿಕದಿಂದ ಬಂದ ಈ ಕಾಯಿಯನ್ನು ನಮ್ಮ ಕರಾವಳಿಯವರು ಚೀನಿಕಾಯಿ ಎನ್ನುತ್ತಾರೆ. ದಿಕ್ಕು ತಪ್ಪಿದವನು ಕೊಲಂಬಸ್ ಒಬ್ಬನೇ ಅಲ್ಲ.

ಪಾಕಾಧಿಕರಣ

ಪೂರ್ವಪಕ್ಷ: ಬಿಸ್ಕೋಟಿಯ ಸ್ವಭಾವ ಶುಷ್ಕತೆ. ಸಿಹಿಗುಂಬಳದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರು. ಇವೆರಡರ ಮದುವೆ ಹೇಗೆ ನಡೆದೀತು?

ಸಿದ್ಧಾಂತ: ವಧುವನ್ನು ಮೊದಲೇ ಒಣಗಿಸಬೇಕು. ಮಾಂಟುವಾ ಸೀಮೆಯ ‘ಪಾದ್ರಿ ಟೋಪಿ’ ತಳಿಯಂಥ ಗಟ್ಟಿ ತಿರುಳಿನ ಕಾಯನ್ನು ಸೀಳಿ, 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಮುಕ್ಕಾಲು ಗಂಟೆ ಸುಡಿ. ತಿರುಳನ್ನು ಮಸೆದು, ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ. ನೀರಿಳಿದ 100 ಗ್ರಾಂ ತಿರುಳಿಗೆ 300 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಒಂದು ಮೊಟ್ಟೆ, ಒಂದು ಟೀ ಚಮಚ ಬೇಕಿಂಗ್ ಪೌಡರ್, ಸಿಪ್ಪೆಸಹಿತ 100 ಗ್ರಾಂ ಬಾದಾಮಿ, ಚಿಟಿಕೆ ಜಾಯಿಕಾಯಿ ಪುಡಿ. ಬೆಣ್ಣೆ ನಿಷಿದ್ಧ. ಹಿಟ್ಟನ್ನು ಎರಡು ಚಪ್ಪಟೆ ದಿಮ್ಮಿಗಳಾಗಿ ಮಾಡಿ 175 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಹತ್ತು ನಿಮಿಷ ಆರಲು ಬಿಡಿ: ಆತುರಗಾರನಿಗೆ ಪುಡಿ, ಸೋಮಾರಿಗೆ ಕಲ್ಲು. ಗರಗಸದ ಹಲ್ಲಿನ ಚಾಕುವಿನಿಂದ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಓರೆಯಾಗಿ ಕೊಯ್ದು, 150 ಡಿಗ್ರಿಯಲ್ಲಿ ಒಂದೊಂದು ಮಗ್ಗುಲನ್ನೂ ಹನ್ನೆರಡು ನಿಮಿಷ ಒಣಗಿಸಿ.

ಇಲ್ಲಿ ನಮ್ಮ ಶೋಧ ಹೊರಬೀಳುತ್ತದೆ. ಹಿಟ್ಟು ಬೆಂದದ್ದು ಎರಡು ಸಲ, ಕುಂಬಳಕಾಯಿ ಬೆಂದದ್ದು ಮೂರು ಸಲ! ಒಂದೇ ತುಂಡಿನೊಳಗೆ ದ್ವಿಪಕ್ವವೂ ತ್ರಿಪಕ್ವವೂ ಅಕ್ಕಪಕ್ಕ ಕುಳಿತಿವೆ. ಹೆಸರು ಮಾತ್ರ ಹಿಟ್ಟಿನ ಪರ. ಮೂರು ಸಲ ಬೆಂದ ಬಡಪಾಯಿಯ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ನಿಮಜ್ಜನಾಧಿಕರಣ

ಇಷ್ಟು ಬರೆದು ಮುಗಿಸುವ ಹೊತ್ತಿಗೆ ಅಡುಗೆಮನೆಯಿಂದ ಆಕ್ಷೇಪ ಬಂತು: “ರೀ, ಇದು ನಮ್ಮ ಬೇಕರಿ ರಸ್ಕು ತಾನೆ?”

ಸಮಾಧಾನ ಹೇಳಿದೆವು. ರಸ್ಕು ಮೊದಲು ಬ್ರೆಡ್ಡಾಗಿ ಈಸ್ಟಿನಿಂದ ಉಬ್ಬಿ, ಆಮೇಲೆ ಹೋಳಾಗಿ ಒಣಗುತ್ತದೆ, ಬಿಸ್ಕೋಟಿಗೆ ಈಸ್ಟಿನ ಸಂಸ್ಕಾರವಿಲ್ಲ, ಇಬ್ಬರೂ ದಾಯಾದಿಗಳಷ್ಟೆ. ವಾದ ಮುಗಿಸಿ ನೋಡಿದರೆ ಪ್ರತಿವಾದಿ ಅದನ್ನು ಕಾಫಿಗೆ ಅದ್ದಿಯಾಗಿತ್ತು.

ಶಾಸ್ತ್ರವೂ ಅವಳ ಪರವೇ. ಟಸ್ಕನಿಯವರು ಕಾಂತುಚ್ಚಿಯನ್ನು ‘ವಿನ್ ಸಾಂತೊ’ ಎಂಬ ಮದ್ಯದಲ್ಲಿ ಅದ್ದಿ ತಿನ್ನುತ್ತಾರೆ. ದ್ರಾಕ್ಷಿಯನ್ನು ತಿಂಗಳುಗಟ್ಟಲೆ ಒಣಗಿಸಿ, ಹಿಂಡಿದ ರಸವನ್ನು ಪುಟ್ಟ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು ಮಾಡುವ ಮದ್ಯ ಅದು. ಕಷ್ಟಪಟ್ಟು ಒಣಗಿಸಿದ್ದನ್ನು ಕಷ್ಟಪಟ್ಟು ಒಣಗಿಸಿದ್ದರ ರಸದಲ್ಲಿ ನೆನೆಸುವುದು. ನಾಗರಿಕತೆ ಎಂದರೆ ಇಷ್ಟೇ ಇರಬೇಕು.

ನಿರ್ಣಯ

ಬೆರೆಸಬಹುದು. ಹಿಟ್ಟಿನ ಮಟ್ಟಿಗೆ ಅದು ದ್ವಿಪಕ್ವ, ಕುಂಬಳದ ಮಟ್ಟಿಗೆ ತ್ರಿಪಕ್ವ, ಅದ್ದಿದ ಮೇಲೆ ಯಾವ ಪಕ್ಷವೂ ಉಳಿಯುವುದಿಲ್ಲ. ಭಿನ್ನಾಭಿಪ್ರಾಯವುಳ್ಳ ವಿದ್ವಾಂಸರು ತಮ್ಮ ಆಧಾರವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಕಳಿಸಬೇಕಾಗಿ ವಿನಂತಿ. ಬಿಸ್ಕೋಟೊ ಸಾಲದು, ಬಿಸ್ಕೋಟಿಯೇ ಆಗಬೇಕು.