ಮಾರಿಸ್ ಕುಣಿತದ ಡಿಚೋಲಿ ಮೂಲ: ಒಂದು ನಿರ್ವಿವಾದ ಸಿದ್ಧಾಂತ

ಇಂಗ್ಲೆಂಡಿನ ಮಾರಿಸ್ ಕುಣಿತ ಇಂಗ್ಲೆಂಡಿನದೇ ಎಂಬ ಭ್ರಮೆ ವಿದ್ವಾಂಸರಲ್ಲಿ ಇನ್ನೂ ಉಳಿದಿದೆ. ಅದರ ಮೂಲ ಗೋವೆಯ ಡಿಚೋಲಿ ಎಂದು ಈ ಪ್ರಬಂಧ ಮೊದಲು ತೀರ್ಮಾನಿಸಿ, ಆಮೇಲೆ ಆಧಾರ ಹುಡುಕುತ್ತದೆ. ಶಾಸ್ತ್ರಸಮ್ಮತ ಕ್ರಮ ಇದೇ.

ಶಿಗ್ಮೊ ಹಬ್ಬದಲ್ಲಿ ಡಿಚೋಲಿ, ಪೆಡ್ಣೆ, ಸತ್ತರಿ ಕಡೆ ಘೋಡೆಮೊಡ್ಣಿ ನಡೆಯುತ್ತದೆ. ಕುಣಿಯುವವನು ಸೊಂಟಕ್ಕೆ ಹೂ ಮುಡಿಸಿದ ಕುದುರೆ ಕಟ್ಟಿಕೊಂಡು, ಕಾಲಿಗೆ ಗೆಜ್ಜೆ ಬಿಗಿದು, ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಕತ್ತಿ ಹಿಡಿದು, ಢೋಲು, ತಾಸೆ, ಕಾಸಾಳೆಗಳ ಸದ್ದಿಗೆ ಮುನ್ನುಗ್ಗುತ್ತಾನೆ. ನಮ್ಮ ಕೀಲುಕುದುರೆಗೆ ಹತ್ತಿರದ ನೆಂಟ. ಮಾರಿಸ್‌ನವರೂ ಮೊಣಕಾಲ ಕೆಳಗೆ ಗೆಜ್ಜೆ ಕಟ್ಟುತ್ತಾರೆ. ಸೊಂಟಕ್ಕೆ ಕುದುರೆ ಕಟ್ಟಿಕೊಂಡವನು ಅಲ್ಲೂ ಉಂಟು. ಕೋಲಿಗೆ ಕೋಲು ತಾಗಿಸುವುದೂ ಉಂಟು. ಆದರೆ ಕತ್ತಿ ಬೀಸುವ ಬದಲು ಬಿಳಿ ಕರವಸ್ತ್ರ ಬೀಸುತ್ತಾರೆ. ಅಲ್ಲಿನ ಚಳಿಗೆ ಮೂಗು ಸೋರುವುದರಿಂದ ಈ ಪಾಠಾಂತರ ಸಹಜ.

ಕುಣಿತ ಕಡಲು ದಾಟಿದ್ದು ಹೇಗೆ? 1583ರಲ್ಲಿ ರಾಲ್ಫ್ ಫಿಚ್ ಎಂಬ ಇಂಗ್ಲಿಷ್ ವರ್ತಕ ಕೈದಿಯಾಗಿ ಗೋವೆಗೆ ಬಂದ. ಅಲ್ಲಿದ್ದ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್, ಮುಂದೆ ಕ್ರಿಸ್ತಪುರಾಣ ಬರೆದವರು, ಅವನ ಬಿಡುಗಡೆಗೆ ನೆರವಾದರು. 1584ರಲ್ಲಿ ಫಿಚ್ ಗೋವೆಯಿಂದಲೇ ತಪ್ಪಿಸಿಕೊಂಡು ಹೊಳೆ ದಾಟಿ, ದಾರಿ ತೋರುವವರಿಲ್ಲದೆ ಎರಡು ದಿನ ಹೆದರುತ್ತ ನಡೆದು, ಮುಂದೆ ಬೆಳಗಾವಿ ಸೇರಿದ. ಆ ಎರಡು ದಿನ ಎಲ್ಲಿದ್ದ? ಡಿಚೋಲಿಯಲ್ಲಿ. (ಆ ವರ್ಷ ಶಿಗ್ಮೊ ಯಾವಾಗ ಬಿತ್ತೆಂದು ಪಂಚಾಂಗ ತೆರೆಯುವವರ ಜೊತೆ ನಾನು ವಾದಿಸುವುದಿಲ್ಲ.) ಪ್ರವಾಸಕಥನದಲ್ಲಿ ಅವನು ಡಿಚೋಲಿಯ ಸುದ್ದಿಯನ್ನೇ ಎತ್ತಿಲ್ಲ. ಕದ್ದ ಮಾಲಿನ ವಿಳಾಸ ಯಾರು ಬರೆದಿಡುತ್ತಾರೆ? 1591ರಲ್ಲಿ ಲಂಡನ್ನಿಗೆ ಮರಳಿದ. 1600ರಲ್ಲಿ, ಹಿಂದೆ ಷೇಕ್ಸ್‌ಪಿಯರನ ಕಂಪನಿಯಲ್ಲಿದ್ದ ವಿದೂಷಕ ವಿಲ್ ಕೆಂಪ್ ಲಂಡನ್ನಿಂದ ನಾರಿಚ್‌ವರೆಗೆ ಮಾರಿಸ್ ಕುಣಿಯುತ್ತಲೇ ಹೋದ. ಹೆಜ್ಜೆ ಕಲಿಯಲು ಒಂಬತ್ತು ವರ್ಷ ಧಾರಾಳ.

ಘೋಡೆಮೊಡ್ಣಿ ಸತ್ತರಿಯ ರಾಣೆ ಮನೆತನದವರು ಪೋರ್ಚುಗೀಸರನ್ನು ಗೆದ್ದುದರ ನೆನಪು ಎಂದು ಊರವರು ಹೇಳುತ್ತಾರೆ. ಡಿಚೋಲಿ ಪೋರ್ಚುಗೀಸರ ಪಾಲಾದದ್ದೇ 18ನೇ ಶತಮಾನದ ಕೊನೆಗೆ. ಹಾಗಿದ್ದರೆ ಎರಡು ಶತಮಾನ ಮುಂಚೆ ಫಿಚ್ ಕಂಡದ್ದೇನು? ತಾಲೀಮು.

ಅಮೆರಿಕದ ಶಾಖೆ ಇನ್ನೂ ಸ್ಪಷ್ಟ. 1917ರಲ್ಲಿ ಇಂಗ್ಲಿಷ್ ಜನಪದ ಕುಣಿತಗಳ ಸಂಗ್ರಾಹಕ ಸೆಸಿಲ್ ಶಾರ್ಪ್ ಕೆಂಟಕಿಯ ಬೆಟ್ಟಗಳಲ್ಲಿ ಒಂದು ಕುಣಿತ ಕಂಡು ಬೆರಗಾದರು: ಒಬ್ಬ ಮುಂದಿನ ಹೆಜ್ಜೆ ಕೂಗುತ್ತಾನೆ, ಜೋಡಿಗಳು ಅಂತೆಯೇ ಸರಿಯುತ್ತವೆ. ಡಿಚೋಲಿ ಬಸ್‌ಸ್ಟ್ಯಾಂಡಿನಲ್ಲಿ ಮಾಪ್ಸಾ ಬಸ್ಸಿನ ಕಂಡಕ್ಟರು ದಿನವೂ ಇದನ್ನೇ ನಡೆಸುತ್ತಾರೆ. ಪಿಟೀಲಿನ ಕೆಲಸ ಹಾರ್ನಿನದು.

ಉಳಿದದ್ದು ಒಂದೇ ಕಿರಿಕಿರಿ. ಲಂಡನ್ನಿನ ಅಕ್ಕಸಾಲಿಗರ ಸಂಘ 1448ರಲ್ಲೇ, ಫಿಚ್ ಹುಟ್ಟುವ ಮೊದಲೇ, ಮಾರಿಸ್‌ನವರಿಗೆ 7 ಶಿಲಿಂಗ್ ಕೊಟ್ಟ ಲೆಕ್ಕವಿದೆ. ಕೊಟ್ಟವರು ಅಕ್ಕಸಾಲಿಗರು ಎಂಬುದನ್ನು ಗಮನಿಸಿ. ಗೋವೆಯ ಅಕ್ಕಸಾಲಿಗರು ಅಂದು ಲಂಡನ್ನಿನಲ್ಲಿರಲಿಲ್ಲ ಎನ್ನಲು ಪುರಾವೆ ಎಲ್ಲಿ? ಆ ಹಣ ಚಕ್ರಬಡ್ಡಿಸಹಿತ ಡಿಚೋಲಿಗೆ ಸಲ್ಲಬೇಕು. ಲೆಕ್ಕ ಹಾಕಿಸಲು ಪೇಟೆಯ ಚಿನ್ನದಂಗಡಿಗೆ ಹೋಗಿ ಸಿದ್ಧಾಂತವನ್ನೆಲ್ಲ ವಿವರಿಸಿದೆ. ಅಂಗಡಿಯವರು ಕನ್ನಡಕ ಏರಿಸಿ, ಮೊದಲು ವಸ್ತು ತೋರಿಸಿ ಎಂದರು.