ಗಂಗೊಳ್ಳಿಗೆ ಹೋಗೋ ಮಾತು

ಅಂಬಾಜಿದುರ್ಗದ ನೆತ್ತಿ ಹತ್ತಿ ನಿಂತರೆ ಮೂಡಲ ಕಡೆ ಸಮುದ್ರ ಕಾಣುತ್ತದೆ ಎಂದು ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಚಿಕ್ಕಪ್ಪ ಹೇಳಿಕೊಂಡು ಬಂದಿದ್ದಾರೆ. ಅವರು ಹತ್ತಿ ನೋಡಿದವರಲ್ಲ, ಮಂಡಿನೋವು. ಹತ್ತಿ ಇಳಿದು ಬಂದು ಏನೂ ಕಾಣಲಿಲ್ಲ ಎಂದವರಿಗೆ “ಮಂಜಿತ್ತೇನೋ ಬಿಡಪ್ಪ” ಎಂದು ಸಮಾಧಾನ ಹೇಳಿ ಕಳಿಸುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಓದುವ ನನ್ನ ಮಗಳು ಈಚೆಗೆ ಪೆನ್ಸಿಲ್ ಹಿಡಿದು ಕೂತು ಈ ವ್ಯಾಜ್ಯ ಬಗೆಹರಿಸಿದಳು. ಬೆಟ್ಟದ ಎತ್ತರ 4399 ಅಡಿ. ನಡುವೆ ಒಂದು ಗುಡ್ಡವೂ ಅಡ್ಡವಿಲ್ಲ ಎಂದುಕೊಂಡರೂ, ಭೂಮಿ ಗುಂಡಗಿರುವುದರಿಂದ ಸುಮಾರು 130 ಕಿಲೋಮೀಟರಿನಾಚೆ ಕಣ್ಣು ಹೋಗದು. ಬಂಗಾಳ ಕೊಲ್ಲಿಯೋ, ನೇರ ಗೆರೆ ಎಳೆದರೂ 240ರ ಆಸುಪಾಸು. ಚಿಕ್ಕಪ್ಪ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡು, “ಭೂಮಿ ಗುಂಡಗಾಗಿದ್ದು ಈಗೀಗ” ಎಂದರು.

ಇಲ್ಲಿಂದ ಕಾಣದಿದ್ದರೆ ಅಲ್ಲಿಗೇ ಹೋಗಿ ನೋಡಿಬಿಡೋಣ ಎಂಬ ಮಾತು ಮನೆಯಲ್ಲಿ ಎದ್ದದ್ದು ಹೀಗೆ. ನಮಗೆ ಪ್ರವಾಸವೆಂದರೆ ಕೈವಾರ. ಕೈವಾರ ಬೇಸರವಾದರೆ ಕೈಲಾಸಗಿರಿ, ಅದೂ ಬೇಸರವಾದರೆ ಮತ್ತೆ ಕೈವಾರ. ಅಂಥ ಮನೆಯಲ್ಲಿ ಸಮುದ್ರದ ಪ್ರಸ್ತಾಪ ಬಂದರೆ ಮೊದಲ ಪ್ರಶ್ನೆ ಯಾವಾಗ ಎಂಬುದಲ್ಲ, ಯಾವ ಸಮುದ್ರ ಎಂಬುದು.

ಚಿಕ್ಕಪ್ಪ ಮೂಡಣ ಪಕ್ಷ. ಪಾಲಾರ್ ನದಿ ಹುಟ್ಟುವುದು ನಮ್ಮ ಚಿಂತಾಮಣಿ ತಾಲ್ಲೂಕಿನ ತಲಗವಾರದಲ್ಲಿ. ಅಲ್ಲಿಂದ 348 ಕಿಲೋಮೀಟರ್ ಹರಿದು, ಮೂರು ರಾಜ್ಯ ದಾಟಿ, ಕಲ್ಪಾಕ್ಕಂ ಹತ್ತಿರ ವಯಲೂರು ಎಂಬಲ್ಲಿ ಕೊಲ್ಲಿಗೆ ಸೇರುತ್ತದೆ. ಆದ್ದರಿಂದ ಅದು ‘ನಮ್ಮ ಸಮುದ್ರ’, ಅದರಲ್ಲಿ ನಮ್ಮ ಪಾಲು ಇದೆ ಎಂಬುದು ಅವರ ವಾದ. ಪಾಲಾರ್ ಮೇಲೆ 1892ರಲ್ಲೇ ಮೈಸೂರಿಗೂ ಮದರಾಸಿಗೂ ಒಪ್ಪಂದವಾಗಿದೆ ಎಂಬುದನ್ನು, ಪಿತ್ರಾರ್ಜಿತ ಜಮೀನಿನ ಪಹಣಿ ಓದುವ ಗಾಂಭೀರ್ಯದಲ್ಲಿ ಹೇಳಿದರು. ದಾರಿಯಲ್ಲಿರುವ ಕೆರೆಗಳು ಕುಡಿದು, ಬೇತಮಂಗಲದಲ್ಲಿ ಕಟ್ಟೆ ಹಾಕಿ ಕೆಜಿಎಫ್‌ನವರು ಕುಡಿದು, ಆಂಧ್ರದವರು, ತಮಿಳುನಾಡಿನವರು ಕುಡಿದು, ವಯಲೂರಿಗೆ ನಮ್ಮ ಹನಿ ಎಷ್ಟು ಮುಟ್ಟುತ್ತದೆ ಎಂದು ಮಗಳು ಕೇಳಿದಳು. “ಮುಟ್ಟದಿದ್ದರೂ ದಾವೆ ಹೂಡಬಹುದು” ಎಂದರು.

ನನ್ನ ಹೆಂಡತಿ ಪಡುವಣ ಪಕ್ಷ. ಅವಳ ಕಡೆಗೊಬ್ಬ ಬಲವಾದ ಸಾಕ್ಷಿ ಇದ್ದ. ಬಯಲುಸೀಮೆಯಲ್ಲಿ ಬ್ಯಾಂಕು ಎಂದರೆ ಕರಾವಳಿಯವರು ಎಂದೇ ಲೆಕ್ಕ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ನಾಟಕ, ವಿಜಯಾ, ಐದೂ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಹಾಗೆ ನಮ್ಮ ಕಡೆಯ ಶಾಖೆಯೊಂದಕ್ಕೆ ವರ್ಗವಾಗಿ ಬಂದು, ನಮಗೆ ರೇಷ್ಮೆಮನೆ ಕಟ್ಟಲು ಸಾಲ ಮಂಜೂರು ಮಾಡಿಸಿ, ನಮ್ಮ ಮನೆಯ ಮುದ್ದೆ ಬಸ್ಸಾರು ಉಂಡು ಎರಡು ದಿನ ತೇಗಿ, ಈಗ ನಿವೃತ್ತನಾಗಿ ಊರು ಸೇರಿರುವ ಗೆಳೆಯನೊಬ್ಬ ಗಂಗೊಳ್ಳಿಯಲ್ಲಿದ್ದಾನೆ. ಕುಂದಾಪುರದ ಎದುರು ದಡದ ಮೀನುಗಾರಿಕೆಯ ಊರು. ಕಣ್ಣಿಗೆ ಎದುರೇ ಕಂಡರೂ ರಸ್ತೆಯಲ್ಲಾದರೆ ತ್ರಾಸಿಯ ಮೇಲೆ ಸುತ್ತಿ ಬರಬೇಕು. “ಒಂದ್ಸಲ ಬನಿ ಮಾರ್ರೆ” ಎಂದು ಅವನು ಪ್ರತಿ ಯುಗಾದಿಗೂ ಫೋನು ಮಾಡುತ್ತಾನೆ.

ಗಂಗೊಳ್ಳಿ ಗೆದ್ದದ್ದು ಮಾತ್ರ ಅವನ ಕರೆಯಿಂದಲ್ಲ, ಎತ್ತಿನಹೊಳೆಯಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಶ್ಚಿಮಕ್ಕೆ ಹರಿದು ಕಡೆಗೆ ನೇತ್ರಾವತಿಯ ಪಾಲಾಗುವ ಎತ್ತಿನಹೊಳೆಯ ಮಳೆಗಾಲದ ನೀರನ್ನು ಸಕಲೇಶಪುರದ ಹತ್ತಿರ ತಡೆದು, ಮೇಲೆತ್ತಿ, ನಮ್ಮ ಕೋಲಾರ–ಚಿಕ್ಕಬಳ್ಳಾಪುರಕ್ಕೆ ತರುವುದು ಯೋಜನೆ. 24 ಟಿಎಂಸಿ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲೇ 2014ರಲ್ಲಿ ಶಂಕುಸ್ಥಾಪನೆಯಾಯಿತು. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತದ ಪಂಪು ತಿರುಗಿತು. ನೀರು ಮೇಲೇರುವ ಮೊದಲು ಅಂದಾಜು ಪಟ್ಟಿ ಏರಿತು, 8,323 ಕೋಟಿಯಿಂದ 23,251 ಕೋಟಿಗೆ. ನಮ್ಮೂರ ಕೆರೆಗೆ ಇನ್ನೂ ಬಂದಿಲ್ಲ. ಬೆಂಗಳೂರಿನವರು ಮಿಂದು ಬಿಟ್ಟ ನೀರನ್ನು ಶುದ್ಧಿ ಮಾಡಿ ಎಚ್.ಎನ್. ವ್ಯಾಲಿ ಕೊಳವೆಯಲ್ಲಿ ಜಿಲ್ಲೆಯ ಕೆಲವು ಕೆರೆಗಳಿಗೆ ಬಿಟ್ಟಿದ್ದಾರೆ, ಸದ್ಯಕ್ಕೆ ಅದೇ ಗಂಗೆ. ಆದರೆ ಕರಾವಳಿಯವರು ನಮ್ಮ ನೇತ್ರಾವತಿ ಬತ್ತಿಹೋಗುತ್ತಾಳೆ ಎಂದು ಬಂದ್ ಮಾಡಿದರು, ಮೆರವಣಿಗೆ ಮಾಡಿದರು. ಹಾಗಿರುವಾಗ ನೇತ್ರಾವತಿ ಕಡಲು ಸೇರುವ ಮಂಗಳೂರಿಗೋ ಉಳ್ಳಾಲಕ್ಕೋ ನಾವು ಹೋಗಿ, ಯಾವೂರು ಎಂದು ಕೇಳಿದವರಿಗೆ ಚಿಂತಾಮಣಿ ಕಡೆ ಎಂದರೆ?

“ಬರದ ನೀರಿಗೆ ಬೈಸಿಕೊಳ್ಳೋದು ಬೇಡ” ಎಂದಳು ಹೆಂಡತಿ. ಗಂಗೊಳ್ಳಿಯಲ್ಲಿ ಆ ಭಯವಿಲ್ಲ. ಅಲ್ಲಿ ಕಡಲು ಸೇರುವುದು ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಅಂದರೆ ಪಂಚಗಂಗಾವಳಿ. ಐದರಲ್ಲಿ ಒಂದಕ್ಕೂ ನಮ್ಮ ಜಿಲ್ಲೆ ಕೈಹಾಕಿಲ್ಲ.

ಐದು ನದಿ ಒಂದೇ ಊರಿಗೆ ಎಂದು ಕೇಳಿ ಅಮ್ಮನಿಗೆ ಹೊಟ್ಟೆ ಉರಿಯಿತು. ನಮ್ಮಲ್ಲೇನು ಕಮ್ಮಿಯೇ? ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ನಂದಿಬೆಟ್ಟದ ಸುತ್ತಮುತ್ತ ಹುಟ್ಟುವವೂ ಐದಾದರೂ ಇವೆ. ನಮ್ಮದು ನದಿಗಳ ತವರುಮನೆ. ಒಂದೊಂದೂ ಗಂಡನ ಮನೆ ಸೇರಿ ಸುಖವಾಗಿದೆ, ಬಾಗಿನ ಕೊಡುವುದಕ್ಕಾದರೂ ಇತ್ತ ತಿರುಗಿ ನೋಡಿದ್ದಿಲ್ಲ.

ಊರು ಗೊತ್ತಾಯಿತು, ಇನ್ನು ದಿನ. ಇಲ್ಲಿ ದುಡ್ಡಿನ ಮಾತು ಬರುತ್ತದೆ. ನಮ್ಮ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಟೊಮೆಟೊ ಮೇಲೆ. ಟೊಮೆಟೊಗೆ ಬೆಲೆ ಏರುವುದು ಹೆಚ್ಚಾಗಿ ಜೂನ್, ಜುಲೈಯಲ್ಲಿ, ಬಿಸಿಲಿಗೆ ಹೂ ಉದುರಿ, ಅಳಿದುಳಿದದ್ದು ಮಳೆಗೆ ಕೊಳೆತು, ಊರಿಗೆಲ್ಲ ಹಣ್ಣಿಲ್ಲದಾಗ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸು 2000 ರೂಪಾಯಿ ದಾಟಿದಾಗ ತೋಟಕ್ಕೆ ರಾತ್ರಿ ಕಾವಲು ಹಾಕಿದ್ದು, ಚಿಕ್ಕಪ್ಪ ಬ್ಯಾಟರಿ ಹಿಡಿದು ಗಿಡದ ನಡುವೆ ಮಂಚ ಹಾಕಿ ಮಲಗಿದ್ದು ಎಲ್ಲರಿಗೂ ನೆನಪಿದೆ. ಅಂಥ ಜುಲೈ ಇನ್ನೊಂದು ಬಂದರೆ ಆ ದುಡ್ಡಲ್ಲೇ ಹೋಗೋಣವೆಂದು ಗೆಳೆಯನಿಗೆ ಫೋನು ಮಾಡಿದೆ.

“ಜುಲೈಯಂಗ್ ಬಂದ್ರೆ ಎಂತ ಕಾಂಬುಕಿತ್ತ್ ಮಾರ್ರೆ? ಬೋಟೆಲ್ಲ ದಡ್ದಲ್ ಮನಿಕಂಡಿರ್ತ್!”

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ಮರಿಮಾಡುವ ಕಾಲ, ಕಡಲೂ ಕೆರಳಿರುತ್ತದೆ. ಟ್ರಾಲರ್ ಪರ್ಸಿನ್ ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿಬಿದ್ದಿರುತ್ತವೆ. ಜನ ಬಲೆ ಹೆಣೆಯುತ್ತ, ಎಂಜಿನ್ನು ಬಿಚ್ಚಿ ಜೋಡಿಸುತ್ತ ಕೂತಿರುತ್ತಾರೆ. ಧೈರ್ಯವಿದ್ದವರು ನಾಡದೋಣಿ ಇಳಿಸುತ್ತಾರಷ್ಟೆ. ಅಂದರೆ ನಮಗೆ ದುಡ್ಡು ಇರುವಾಗ ಅವರ ಸಮುದ್ರಕ್ಕೆ ರಜೆ. ಅವರ ಸಮುದ್ರ ಬಾಗಿಲು ತೆಗೆದಾಗ ನಮ್ಮ ಟೊಮೆಟೊವನ್ನು ರಸ್ತೆಗೆ ಸುರಿಯುವ ಕಾಲ. ಸರ್ಕಾರ ಈ ಎರಡು ಇಲಾಖೆಗಳನ್ನು ಒಂದು ಮೇಜಿಗೆ ಕೂರಿಸಬೇಕು ಎಂದು ನನ್ನ ಅಭಿಪ್ರಾಯ.

ಆಗಸ್ಟಿನಲ್ಲಿ ಬನ್ನಿ, ನೂಲ ಹುಣ್ಣಿಮೆಗೆ ಸಮುದ್ರಪೂಜೆ ನೋಡಬಹುದು, ಕಡಲಿಗೆ ಹಾಲು ಎರೆದು ತೆಂಗಿನಕಾಯಿ ಅರ್ಪಿಸಿ ಮೀನುಗಾರರು ಬೇಡಿಕೊಳ್ಳುತ್ತಾರೆ ಎಂದ. ಎರಡು ಸೀಮೆಹಸು ಕಟ್ಟಿ ದಿನಾ ಎರಡು ಹೊತ್ತು ಡೇರಿಗೆ ಕ್ಯಾನು ಹೊರುವ ಅಮ್ಮನಿಗೆ ಇದು ಸರಿಬರಲಿಲ್ಲ. “ಹಾಲನ್ನ ಸಮುದ್ರಕ್ಕಾ? ಫ್ಯಾಟ್ ಎಷ್ಟು ಬರುತ್ತೆ ಅಂತ ಅಳೆಯೋರು ಯಾರು ಅಲ್ಲಿ?”

ಇಷ್ಟರ ಮೇಲೆ ಮನೆಯ ನಿಜವಾದ ಯಜಮಾನರ ಅಪ್ಪಣೆಯಾಗಬೇಕು. ಅವರು ರೇಷ್ಮೆಹುಳು. ಒಂದು ಬೆಳೆ ಎಂದರೆ ತಿಂಗಳಿಗೆ ಸ್ವಲ್ಪ ಕಮ್ಮಿ. ಅಷ್ಟರೊಳಗೆ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಕೂತಾಗ ಸೊಪ್ಪು ಮುಟ್ಟದು, ತಲೆ ಎತ್ತಿ ಅಲುಗದೆ ಇರುತ್ತದೆ, ಪೊರೆ ಬಿಟ್ಟು ಎದ್ದರೆ ಹಸಿವೋ ಹಸಿವು. ನಾಲ್ಕನೇ ಜ್ವರ ಎದ್ದ ಮೇಲಂತೂ ರಾತ್ರಿ ಹತ್ತಕ್ಕೆ ಹಿಪ್ಪುನೇರಳೆ ರೆಂಬೆ ಹಾಸಿ ಮಲಗಿದರೆ ಬೆಳಗಿನ ಜಾವ ನಾಲ್ಕಕ್ಕೆ ಬರೀ ಕಡ್ಡಿ. ಆಮೇಲೆ ಹಣ್ಣಾಗುವ ದಿನ ಬರುತ್ತದೆ. ಮೈ ನಸು ಹಳದಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಂತಾಗಿ, ಬಾಯಲ್ಲಿ ಎಳೆ ಬಿಡುತ್ತ ಜಾಗ ಹುಡುಕುತ್ತದೆ. ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಅವತ್ತು ಮನೆಯಲ್ಲಿ ಸಾವಾದರೂ ಅಳುವುದಕ್ಕೆ ಪುರಸೊತ್ತಿಲ್ಲ. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಹರಾಜಾದ ಮೇಲೆ, ಮನೆ ತೊಳೆದು ಔಷಧಿ ಹೊಡೆದು ಒಣಗಲು ಬಿಟ್ಟಾಗ, ನಮಗೆ ನಾಲ್ಕಾರು ದಿನ ಬಿಡುವು. ಪ್ರವಾಸವೆಂದರೆ ಆ ಕಿಂಡಿಯಲ್ಲೇ ನುಸುಳಬೇಕು.

ಬರುವಾಗ ಒಣಮೀನು ಕಟ್ಟಿಕೊಡುತ್ತೇನೆ ಎಂದು ಗೆಳೆಯ ಆಸೆ ತೋರಿಸಿದ್ದ. “ಒಣಮೀನು ಮುಟ್ಟಿದ ಕೈಯಲ್ಲಿ ಹುಳುವಿನ ಮನೆ ಹೊಸ್ತಿಲು ತುಳಿದರೆ ನೋಡಿ” ಎಂದು ಹೆಂಡತಿ ಈಗಲೇ ಎಚ್ಚರಿಕೆ ಕೊಟ್ಟಿದ್ದಾಳೆ. ಚಪ್ಪಲಿ ಬಿಟ್ಟು ಕೈಕಾಲು ತೊಳೆದೇ ಒಳಗೆ ಹೋಗುವ ಮನೆ ಅದು. ಬಂಗುಡೆಗೆ ಅಲ್ಲಿ ಪ್ರವೇಶವಿಲ್ಲ.

ರೈಲಿನವರ ಪಂಚಾಂಗ ಇನ್ನೊಂದು. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್, ಹೆಸರೇ ಗಂಗೊಳ್ಳಿಯ ನದಿಯದು, ಸಂಜೆ ಹೊರಟು ಬೆಳಕು ಹರಿಯುವ ಮೊದಲೇ ಕುಂದಾಪುರಕ್ಕೆ ಬಿಡುತ್ತದೆ. ಟಿಕೆಟ್ಟು 60 ದಿನ ಮೊದಲು ತೆರೆಯುತ್ತದೆ. ಮೊದಲು 120 ದಿನವಿತ್ತು, 2024ರ ನವೆಂಬರಿನಿಂದ ಇಳಿಸಿದರು. 60 ದಿನ ಮೊದಲು ನಮ್ಮ ಹುಳು ಇನ್ನೂ ಮೊಟ್ಟೆಯೂ ಆಗಿರುವುದಿಲ್ಲ. ಅದರಪ್ಪ ಅಮ್ಮನೂ ಹುಟ್ಟಿರುವುದಿಲ್ಲವೇನೋ. ಅದು ಯಾವ ತಾರೀಖು ಹಣ್ಣಾಗುತ್ತದೆ ಎಂದು ರೈಲ್ವೆಗೆ ಹೇಗೆ ಬರೆದುಕೊಡುವುದು? ಇನ್ನೊಂದು ಸಂಕಟ, ಈ ರೈಲು ಸಕಲೇಶಪುರದ ಘಾಟಿ ಇಳಿಯುವುದು ನಡುರಾತ್ರಿ. 57 ಸುರಂಗ, ಅಷ್ಟೊಂದು ಸೇತುವೆ, ಒಂದೂ ಕಾಣದು. ಎತ್ತಿನಹೊಳೆಯನ್ನು ಕಣ್ಣಾರೆ ನೋಡಿ ಒಂದು ಮಾತು ಕೇಳಬೇಕು ಎಂದಿದ್ದ ಚಿಕ್ಕಪ್ಪ, “ರಾತ್ರಿಹೊತ್ತು ದಾಟಿಸ್ತಾರೆ ಅಂದ್ರೆ ಏನೋ ಮುಚ್ಚಿಡ್ತಿದ್ದಾರೆ” ಎಂದರು.

ಕಡೆಗೆ ಅಮ್ಮನ ಪಂಚಾಂಗ. ಸಮುದ್ರವನ್ನು ಕಂಡಕಂಡ ದಿನ ಮುಟ್ಟಬಾರದು, ಮಂಗಳವಾರ ಶುಕ್ರವಾರ ಕೂಡದೇ ಕೂಡದು, ಅಮಾವಾಸ್ಯೆಯೋ ಹುಣ್ಣಿಮೆಯೋ ಆಗಿರಬೇಕು. ಗೆಳೆಯನಿಗೆ ತಿಳಿಸಿದೆ. ಅವನು ಒಂದು ಗಳಿಗೆ ಸುಮ್ಮನಿದ್ದ. ಅಮಾವಾಸ್ಯೆ ಹುಣ್ಣಿಮೆಗೇ ಉಬ್ಬರ ಎಲ್ಲಕ್ಕಿಂತ ಜೋರು, ಆ ದಿನ ವಯಸ್ಸಾದವರನ್ನು ನೀರಿಗಿಳಿಸುವುದು ಬೇಡ ಎಂದ. ಅಮ್ಮನಿಗೆ ಬೇಜಾರಾಗಲಿಲ್ಲ. “ನಾನು ಇಳಿಯೋದ್ಯಾಕೆ, ಅದೇ ಬಂದು ಮುಟ್ಟಿಕೊಂಡು ಹೋಗುತ್ತೆ.”

ಮೀನಿನ ನಿಷೇಧ, ಟೊಮೆಟೊ ಬೆಲೆ, ಹುಳುವಿನ ಜ್ವರ, ರೈಲಿನ 60 ದಿನ, ಅಮ್ಮನ ಅಮಾವಾಸ್ಯೆ, ಎಲ್ಲವನ್ನೂ ಮಗಳು ಒಂದು ಹಾಳೆಯಲ್ಲಿ ಬಣ್ಣಬಣ್ಣದ ಪಟ್ಟಿಯಾಗಿ ಬಳಿದಳು. ಅಕ್ಟೋಬರಿನಿಂದ ಮೇ ತನಕ ಜರಡಿ ಹಿಡಿದಾಗ ಮಾರ್ಚಿನ ಕೊನೆಯಲ್ಲೊಂದು ಅಮಾವಾಸ್ಯೆ ಮಾತ್ರ ಯಾವ ಬಣ್ಣವೂ ತಾಗದೆ ಉಳಿಯಿತು. ಪರೀಕ್ಷೆ ಮುಗಿದಿರುತ್ತದೆ, ಬೋಟು ಇಳಿದಿರುತ್ತದೆ, ಅಂಜಲ್ ಮೀನು ಸಿಗದಿದ್ದರೂ ಬೈಗೆಗೆ ಬರವಿರದು. ಚಿಕ್ಕಪ್ಪ ಸೋಲೊಪ್ಪಿ, ರಾಗಿಹಿಟ್ಟು ಎಷ್ಟು ಸೇರು ಕಟ್ಟಬೇಕೆಂದು ಕೇಳಿದರು. ಕುಚ್ಚಲಕ್ಕಿ ಅನ್ನದ ಮೇಲೆ ಅವರಿಗೆ ಮೊದಲಿನಿಂದಲೂ ಗುಮಾನಿ. ಪಡುವಣ ಕಡಲಿಗೂ ತಮಗೂ ಯಾವ ಪಾಲುದಾರಿಕೆಯಿಲ್ಲ, ಬರೀ ನೆಂಟನಾಗಿ ಬರುತ್ತೇನೆ ಎಂದೂ ಸೇರಿಸಿದರು.

ದಿನ ಗೊತ್ತಾದ ಸುದ್ದಿ ಹೇಳಿದಾಗ ಗೆಳೆಯ ಖುಷಿಪಟ್ಟ. ಪಟ್ಟು, ಸ್ವಲ್ಪ ತಡವರಿಸಿ, ಒಂದು ವಿಷಯ ಎಂದ. ಮಾರ್ಚ್ ಬಂತೆಂದರೆ ಹೊಳೆಯಲ್ಲಿ ನೀರಿಳಿದು ಉಬ್ಬರದ ಜತೆ ಕಡಲಿನ ನೀರು ಒಳಗೆ ನುಗ್ಗುತ್ತದೆ, ಮನೆಯ ಬಾವಿ ಉಪ್ಪಾಗುತ್ತದೆ, ಸ್ನಾನಕ್ಕೆ ಅಡ್ಡಿಯಿಲ್ಲ, ಕುಡಿಯುವ ನೀರಿಗೆ ಮಾತ್ರ…

“ಮಾತ್ರ?”

“ಟ್ಯಾಂಕರ್ ಬತ್ತ್ ಮಾರ್ರೆ. ಎರಡ್ ದಿನಕ್ಕೊಂದ್ಸಲ.”

ಫೋನು ಸ್ಪೀಕರಿನಲ್ಲಿತ್ತು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. 1200 ಅಡಿ ಕೊರೆಸಿದ ಬೋರ್‌ವೆಲ್ಲಿನಲ್ಲಿ ಧೂಳು ಎದ್ದಾಗಲೂ ಇಷ್ಟು ಮೌನ ಇರಲಿಲ್ಲ. ಹಾಗಾದರೆ ಪ್ರವಾಸ ಬಿಟ್ಟೇಬಿಡೋಣವೇ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಎದ್ದು ಅಡುಗೆಮನೆಗೆ ಹೋದರು. ಬರುವಾಗ ಊರ ಶುದ್ಧ ನೀರಿನ ಘಟಕದಿಂದ ದಿನಾ ತುಂಬಿಸಿ ತರುವ 20 ಲೀಟರಿನ ಕ್ಯಾನು ಕೈಯಲ್ಲಿತ್ತು. ಅದನ್ನು ನಡುಮನೆಯಲ್ಲಿಟ್ಟು, ಇನ್ನೊಂದಕ್ಕೆ ಹೋಗುವ ಮುನ್ನ ಅಮ್ಮ ನನ್ನ ಕಡೆ ತಿರುಗಿ ಹೇಳಿದರು: “ಎರಡು ಸಾಕು. ಕ್ಯಾನಿಗೂ ಬರ್ತ್ ಬುಕ್ ಮಾಡಬೇಕಾ, ಕೆಳಗೇ ಇಡಬಹುದಾ, ಕೇಳಿಟ್ಟುಕೋ.”