ಹಾವಿಗೆ 90, ನನಗೆ 68

ಡೆಟ್ರಾಯ್ಟ್ ಪಕ್ಕದ ಊರಲ್ಲಿರುವ ಮಗಳ ಮನೆಯೊಳಗೆ ಎರಡು ಹವಾಮಾನ. ಚಳಿಗಾಲದಲ್ಲಿ ಮನುಷ್ಯರಿಗೆ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 20. ಹಾವಿಗೆ 90, ಅಂದರೆ 32. ನಾನು ಎರಡು ಸ್ವೆಟರಿನ ಮೇಲೆ ಮಫ್ಲರ್ ಸುತ್ತಿಕೊಂಡು ‘ಒಂದೆರಡು ಡಿಗ್ರಿ ಏರಿಸಬಹುದೇನೋ’ ಎಂದರೆ ಅಳಿಯಂದಿರು ಗ್ಯಾಸ್ ಬಿಲ್ಲಿನ ಮಾತೆತ್ತುತ್ತಾರೆ. ಹಾವಿನ ವಿಷಯದಲ್ಲಿ ಬಿಲ್ಲಿನ ಮಾತೇ ಇಲ್ಲ. ಅದು ಮೊಮ್ಮಗಳ ಹಾವು.

ಜಾತಿ ಬಾಲ್ ಪೈಥಾನ್. ಹೆಬ್ಬಾವು ಎಂದು ಕೇಳಿದ್ದೇ ನನ್ನವಳು ವಾಪಸ್ ಟಿಕೆಟ್ ಯಾವತ್ತಿಗಿದೆ ಎಂದು ವಿಚಾರಿಸಿದಳು. ನೋಡಿದರೆ ಮೂರಡಿಯ ಬಡಪಾಯಿ. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿ ಉಂಡೆಯಾಗಿ ಕೂತುಬಿಡುತ್ತದೆ. ಮೂಲ ಘಾನಾ, ಟೋಗೊ, ಬೆನಿನ್ ಕಡೆ. ಮೊಮ್ಮಗಳು ಇಟ್ಟ ಹೆಸರು ನೂಡಲ್. ನನ್ನವಳು ಸುಬ್ಬಪ್ಪ ಎನ್ನತೊಡಗಿದಳು. ಬೀಗರ ಹೆಸರೂ ಅದೇ ಎಂದು ಮಗಳು ಮೆಲ್ಲಗೆ ನೆನಪಿಸಿದ ಮೇಲೆ ‘ಸ್ವಾಮಿ’ ಎಂದಾಯಿತು.

ರಾತ್ರಿ ಎಂಟಕ್ಕೆ ಟೈಮರು ಟಕ್ಕೆಂದು ಹಾವಿನ ಗಾಜಿನ ಪೆಟ್ಟಿಗೆಯ ಹ್ಯಾಲೊಜೆನ್ ದೀಪ ಆರಿಸುತ್ತದೆ. ಆಮೇಲೆ ಡ್ಯೂಟಿಗೆ ಬರುವುದು ಪಿಂಗಾಣಿಯ ಬಲ್ಬು. ಅದು ಬೆಳಕೇ ಕೊಡುವುದಿಲ್ಲ. ಕೆಟ್ಟಿರಬೇಕು ಎಂದು ಬೆರಳು ಚಾಚಿದೆ. “ತಾತಾ, ಮುಟ್ಟಬೇಡ, ಸುಡತ್ತೆ!” ಎಂದು ಮೊಮ್ಮಗಳು ಕಿರುಚಿದಳು. ಉರಿಯೆಲ್ಲ ಆರಿದ ಮೇಲೂ ಕಾವು ಬಿಡದ ಬಚ್ಚಲ ಹಂಡೆಯ ಹಾಗೆ ಅದು. ಪ್ಲಾಸ್ಟಿಕ್ ಹೋಲ್ಡರಿಗೆ ಹಾಕಿದರೆ ಹೋಲ್ಡರೇ ಕರಗುತ್ತದೆ; ಅದೂ ಪಿಂಗಾಣಿಯದೇ ಆಗಬೇಕು. ಪೆಟ್ಟಿಗೆಯೊಳಗೆ ತಂತಿಯೊಂದು ಇಳಿದಿದೆ. ಅದರ ತುದಿಗೆ ಬಿಸಿ ಹೆಚ್ಚೆನಿಸಿದರೆ ಥರ್ಮೋಸ್ಟಾಟ್ ಕರೆಂಟು ಕಡಿಯುತ್ತದೆ, ತಣ್ಣಗಾದರೆ ಕೊಡುತ್ತದೆ. ಇಷ್ಟಾದರೂ ಇಡೀ ಪೆಟ್ಟಿಗೆ ಬಿಸಿಯಿರಕೂಡದು. ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳದ ಪ್ರಾಣಿ, ಬೇಕಾದಾಗ ಆಚೀಚೆ ಸರಿಯಬೇಕು. ಹಾಗಾಗಿ ಒಂದು ತುದಿ ಆಫ್ರಿಕಾ, ಇನ್ನೊಂದು ತುದಿ 26 ಡಿಗ್ರಿಯ ಮೈಸೂರು. ನನಗೆ ಮೈಸೂರಿನ ತುದಿ ಸಿಕ್ಕಿದ್ದರೂ ಸಾಕಿತ್ತು.

ಇಷ್ಟೆಲ್ಲ ರಗಳೆ ಯಾಕೆ, ನಮ್ಮ ದೇವರ ಮನೆಯಲ್ಲಿದ್ದಂಥ ಕೆಂಪು ಝೀರೋ ಬಲ್ಬು ಹಾಕಿದರಾಗದೇ ಎಂದೆ. (ಝೀರೋ ಎನ್ನುತ್ತಲೇ ಸುಮಾರು 15 ವ್ಯಾಟ್ ನುಂಗುತ್ತಿದ್ದ ಮಹಾನುಭಾವ ಅದು.) ಹಾವಿಗೆ ಕೆಂಪು ಕಾಣುವುದಿಲ್ಲವೆಂದು ಕೆಂಪು ರಾತ್ರಿದೀಪಗಳನ್ನು ಧಾರಾಳವಾಗಿ ಮಾರಿದ್ದಾರಂತೆ. ತಿಳಿದು ಸಾಕುವವರು ಈಗ ಬೇಡವೆನ್ನುತ್ತಾರೆ. ಕೆಂಪಾದರೂ ಬೆಳಕು ಬೆಳಕೇ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೊಂದು ಪಾರದರ್ಶಕ ಹುರುಪೆ ಮಾತ್ರ. ಬೆಳಕು ಬೇಡವೆಂದರೆ ಕಣ್ಣು ಮುಚ್ಚುವ ಅನುಕೂಲವೂ ಇಲ್ಲ. ಸಾಲದ್ದಕ್ಕೆ ಇದು ರಾತ್ರಿ ಸಂಚಾರಿ. ದೀಪ ಆರಿದ ಮೇಲೇ ಮಡಕೆಚೂರಿನ ಗೂಡಿನಿಂದ ಮೂತಿ ಹೊರಬರುವುದು. ಕತ್ತಲಲ್ಲಿ ಬೇಟೆಯ ಕಾವು ಹಿಡಿಯಲು ತುಟಿಯ ಮೇಲೇ ಗುಳಿಗಳಿವೆ.

ಇತ್ತ ನನ್ನ ಕೋಣೆಯಲ್ಲಿ ರೌಟರು, ಪ್ರಿಂಟರು, ಸ್ಮೋಕ್ ಅಲಾರಂ ಎಲ್ಲ ರಾತ್ರಿಯಿಡೀ ಮಿಣುಕುತ್ತಿದ್ದವು. ಕಾವೂ ಇಲ್ಲ, ಕತ್ತಲೂ ಇಲ್ಲ.

ಸುಬ್ರಹ್ಮಣ್ಯ ಷಷ್ಠಿಯ ದಿನ ನನ್ನವಳು ಮಡಿಯುಟ್ಟು ಹಾಲಿನ ಬಟ್ಟಲು ಹಿಡಿದು ಪೆಟ್ಟಿಗೆಯ ಮುಂದೆ ನಿಂತಳು. ಹಾವಿಗೆ ಹಾಲು ಆಹಾರವಲ್ಲ, ಊದುಬತ್ತಿಯ ಹೊಗೆಯಂತೂ ಕೂಡದೇ ಕೂಡದು ಎಂದು ಮೊಮ್ಮಗಳ ಉಪನ್ಯಾಸವಾಯಿತು. ಕೊನೆಗೆ ಗಾಜಿಗೆ ಅರಿಸಿನ ಕುಂಕುಮ, ಹಾಲು ಮೊಮ್ಮಗಳ ಕಾರ್ನ್‌ಫ್ಲೇಕ್ಸಿಗೆ.

2023ರ ಫೆಬ್ರವರಿಯಲ್ಲಿ ಹಿಮಗಟ್ಟುವ ಮಳೆ ಸುರಿದು, ಮಂಜುಗಡ್ಡೆಯ ಭಾರಕ್ಕೆ ಮರದ ಕೊಂಬೆಗಳು ತಂತಿಯ ಮೇಲೆ ಮುರಿದುಬಿದ್ದು, ಆ ಸೀಮೆಯಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟು ಹೋಯಿತು. ಕರೆಂಟಿಲ್ಲದ ರಾತ್ರಿಗಳಲ್ಲಿ ಪಳಗಿದವನು ನಾನು. ಧೈರ್ಯ ಹೇಳಲು ಎದ್ದೆ. ಅಷ್ಟರಲ್ಲಿ ನನ್ನ ಕಂಬಳಿ ಗಾಜಿನ ಪೆಟ್ಟಿಗೆಯ ಮೇಲಿತ್ತು. ಮಂಡಿನೋವಿಗೆಂದು ಊರಿಂದ ತಂದಿದ್ದ ಬಿಸಿನೀರಿನ ಚೀಲ ಟವೆಲ್ ಸುತ್ತಿಕೊಂಡು ಒಳಗೆ ಹೋಗಿತ್ತು. ಗ್ಯಾಸ್ ಒಲೆಯನ್ನು ಕಡ್ಡಿ ಗೀರಿ ಹಚ್ಚಿ ನೀರು ಕಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಫ್ರೀಜರಿನ ಇಲಿಗಳು ಕರಗುತ್ತಿದ್ದರೂ ಹಾವಿಗೆ ಊಟವಿಲ್ಲ. ಚಳಿಯಲ್ಲಿ ತಿಂದರೆ ಅರಗದೆ ಕಕ್ಕಿಬಿಡುತ್ತದೆ.

ಮೊಮ್ಮಗಳು ಟಾರ್ಚ್ ಹಿಡಿದು ಗಂಟೆಗೊಮ್ಮೆ ಪೆಟ್ಟಿಗೆಯ ಡಿಗ್ರಿ ಓದಿ ಹೇಳುತ್ತಿದ್ದಳು. ನನ್ನ ಮಂಡಿ ಎಷ್ಟರಲ್ಲಿದೆ ಎಂದು ಯಾರೂ ಕೇಳಲಿಲ್ಲ. ನಾನಾಗಿಯೇ ವಿಷಯ ತೆಗೆದೆ.

“ಸ್ವಾಮಿಯ ಸೇವೆ, ಮಂಡಿ ತಾನಾಗೇ ವಾಸಿಯಾಗುತ್ತೆ” ಎಂದಳು ನನ್ನವಳು. “ಇನ್ನೊಂದು ಪಾತ್ರೆ ನೀರಿಡಿ.”